ಸಾಂಡಾ ಎದ್ದ ಮೇಲೆ ಒಂದು ಗಂಟೆ

10 ಮಾರ್ಚ್ 2024, ಭಾನುವಾರ
ತಾಲ್ ಛಾಪರ್, ರಾಜಸ್ಥಾನ

ಇಲ್ಲಿಗೆ ಎಲ್ಲರೂ ಬರುವುದು ಕೃಷ್ಣಮೃಗ ನೋಡಲು. ಅದು ನಮ್ಮ ರಾಣೆಬೆನ್ನೂರಲ್ಲೇ ಇದೆಯಲ್ಲ! ನಾನು ಬಂದಿದ್ದು ಸಾಂಡಾ ನೋಡಲು. ಮರಳುಗಾಡಿನ ಮುಳ್ಳುಬಾಲದ ಓತಿ. "ಓತಿಕ್ಯಾತಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಮ್ಮ ಬೇಲಿ ಮೇಲೆ ಬೇಕಾದಷ್ಟಿವೆ" ಅಂತ ಅಮ್ಮ ಫೋನಲ್ಲಿ ನಕ್ಕಳು.

ಏಳೂವರೆಗೇ ಬಯಲಲ್ಲಿ ಜೀಪು ನಿಲ್ಲಿಸಿ ಕೂತೆವು. ಎಲ್ಲಿ ನೋಡಿದರೂ ಬಿಲ. ಚಳಿಗಾಲವಿಡೀ ಒಳಗೆ ಮಲಗಿ ಈಗಷ್ಟೇ ಎದ್ದಿರುವ ಪ್ರಾಣಿ, ನೆಲ ಬೆಚ್ಚಗಾಗುವ ತನಕ ಹೊರಗೆ ಬರುವುದಿಲ್ಲ. ಒಂಬತ್ತರ ಸುಮಾರಿಗೆ ಒಂದು ಮೊಂಡು ಮೂತಿ ಕಂಡಿತು. ಹತ್ತು ನಿಮಿಷ ಬರೀ ಮೂತಿ. ಆಮೇಲೆ ಭುಜ, ಆಮೇಲೆ ಉಂಗುರ ಉಂಗುರವಾಗಿ ಮುಳ್ಳಿದ್ದ ಬಾಲ. ತೊಡೆಯ ಮುಂದೆ ನೀಲಿಗಪ್ಪು ಮಚ್ಚೆ. ಮೊದಲು ಮೈ ಕಪ್ಪುಕಪ್ಪಾಗಿತ್ತು, ಬಿಸಿಲು ಬೇಗ ಹೀರಲು. ಮೈ ಕಾದಂತೆ ನೋಡನೋಡುತ್ತಲೇ ಮಣ್ಣಿನ ಬಣ್ಣಕ್ಕೆ ತಿರುಗಿತು.

ಅದಕ್ಕೆ ಬೇಕಾದ ಬಿಸಿಲು ನನ್ನ ಲೆನ್ಸಿಗೆ ಆಗಿಬರುವುದಿಲ್ಲ. ನೆಲ ಜಾಸ್ತಿ ಕಾದರೆ ಗಾಳಿ ನಡುಗುತ್ತದೆ, ದೂರದಿಂದ ತೆಗೆದ ಫೋಟೋದಲ್ಲಿ ಎಲ್ಲ ಕಲಸುಮೇಲೋಗರ. ಅದು ಎದ್ದ ಮೇಲೆ ನನಗೆ ಸಿಗುವುದು ಒಂದು ಗಂಟೆ, ಅಷ್ಟೇ.

ಅದರಲ್ಲಿ ಅರ್ಧ ನಾನೇ ಹಾಳು ಮಾಡಿದೆ. ಜೀಪನ್ನು ಅವು ಲೆಕ್ಕಕ್ಕಿಡುವುದಿಲ್ಲ, ಸುಮ್ನೆ ಕೂತಿರಬಹುದಿತ್ತು. ನೆಲಮಟ್ಟದ ಫೋಟೋ ಆಸೆಗೆ ಇಳಿದೆ, ತೆವಳಿದೆ, ಟೋಪಿ ಸರಿಮಾಡಲು ಕೈ ಎತ್ತಿದೆ. ಸರಕ್! ಬಯಲೇ ಖಾಲಿ. ಲಗ್ಗರ್ ಫಾಲ್ಕನ್ ಅನ್ನೋ ಬೇಟೆಹಕ್ಕಿ ಇವನ್ನು ಹಿಡಿದು ತಿನ್ನುತ್ತದೆ. ಮೇಲೆ ಏನು ಅಲುಗಿದರೂ ಜೀವಭಯ ಅಲ್ವಾ? ಚಾಲಕ ಏನೂ ಅನ್ನಲಿಲ್ಲ, ಬೀಡಿ ಹಚ್ಚಿದ.

ಅಲ್ಲೇ ಬೋರಲು ಬಿದ್ದುಕೊಂಡೆ. ಮತ್ತೆ ಬಂತು. ಹುಲ್ಲು ಕಚ್ಚಿ ಮೇಕೆಯ ಹಾಗೆ ನಿಧಾನಕ್ಕೆ ಅಗಿಯಿತು. ದೊಡ್ಡವು ಹೆಚ್ಚಾಗಿ ಸೊಪ್ಪು, ಹುಲ್ಲು ತಿಂದೇ ಬದುಕುತ್ತವೆ. ಇಂಥ ಬಡಪಾಯಿಯ ಬಾಲದ ಕೊಬ್ಬು ಕರಗಿಸಿ 'ಸಾಂಡೇ ಕಾ ತೇಲ್' ಅಂತ ಮಾರುತ್ತಾರೆ. ಗಂಡಸ್ತನಕ್ಕೆ ಒಳ್ಳೆಯದಂತೆ! ಬೇಟೆಗೆ ಕಾನೂನಿನ ನಿಷೇಧವಿದೆ, ಆದರೂ ಹಿಡಿಯುವವರು ಹಿಡಿಯುತ್ತಲೇ ಇದ್ದಾರೆ.

ಒಟ್ಟು 212 ಫೋಟೋ, ಉಳಿಸಿಕೊಂಡಿದ್ದು 6. ಹುಲ್ಲೆಸಳು ಬಾಯಲ್ಲಿರುವುದು ಒಂದರಲ್ಲಿ ಮಾತ್ರ. ಕಣ್ಣು ಶಾರ್ಪಾಗಿದೆ, ಬಾಲ ಮಸುಕು. ಇರಲಿ.

ಸಂಜೆ ಅದೇ ದಾರಿಯಲ್ಲಿ ಬಂದೆವು. ಒಳಗಿನಿಂದಲೇ ಮಣ್ಣು ತಳ್ಳಿ ಬಿಲದ ಬಾಯಿ ಮುಚ್ಚಿಕೊಂಡಿತ್ತು. ಸ್ವಲ್ಪ ದೂರದಲ್ಲಿ ನನ್ನ ಮೊಣಕೈ ಗುರುತು ಹಾಗೇ ಇತ್ತು.