ಕನ್ನಡಿ ಹಿಂದಿನ ಪೈಪು

ಬೇಸಿನ್ ಮೇಲೆ ಕನ್ನಡಿ ಕ್ಯಾಬಿನೆಟ್ ಹೊಡೆಯೋ ಹಿಂದಿನ ದಿನ ಆ ಮನೆಯವರು, ಅಲ್ಲಿ ಪೈಪ್ ಹಾಕಿದ ಪ್ಲಂಬರ್ ನಾನು ಅಂತ, ನನಗೆ ಫೋನ್ ಮಾಡಿ ಕೇಳಿಯೇ ಇದ್ದರು. "ಬೇಸಿನ್ ಕೆಳಗಿರೋ ಚಿಕ್ಕ ವಾಲ್ವ್, ಆ ಆಂಗಲ್ ಕಾಕ್, ಅದರ ಮೇಲ್ಗಡೆ ಪೈಪ್ ಏನಾದ್ರೂ ಇದ್ಯಾ?"

"ಇಲ್ಲ ಸರ್, ನಮ್ಮ ಲೈನೆಲ್ಲ ಕೆಳಗೇ ಹೋಗಿರತ್ತೆ. ಧೈರ್ಯವಾಗಿ ಹೊಡೀರಿ."

ಇನ್ನೊಂದು ಸೈಟಿನಲ್ಲಿ ಪ್ರೆಶರ್ ಟೆಸ್ಟ್ ನಡೀತಿತ್ತು, ಅದರ ಮಧ್ಯೆ ನೆನಪಿನ ಮೇಲೆ ಕೊಟ್ಟ ಉತ್ತರ ಅದು. ಮರುದಿನ ಹನ್ನೊಂದೂವರೆಗೆ ಕುವೆಂಪುನಗರದ ಆ ಮನೆಯಿಂದ ಮತ್ತೆ ಫೋನ್ ಬಂತು. ಮಾತಿಗಿಂತ ಮೊದಲು ನೀರಿನ ಸದ್ದು ಕೇಳಿಸ್ತು.

ಅವರ ಕೈಕೆಲಸದಲ್ಲಿ ತಪ್ಪಿರಲಿಲ್ಲ. ಅದೇ ಮನೆಯಲ್ಲಿ ನಾಲ್ಕು ಆಂಗಲ್ ಕಾಕ್ ಅವರೇ ಬದಲಾಯಿಸಿದ್ದಾರೆ. ಥ್ರೆಡ್ಡಿನ ದಿಕ್ಕಿಗೇ ಟೆಫ್ಲಾನ್ ಎಳೆದು ಹತ್ತು ಸುತ್ತು ಸುತ್ತಿದ್ದಾರೆ, ಒಂದರಲ್ಲೂ ಹನಿ ಇಲ್ಲ. ಈ ಸಲವೂ ಮೊದಲು ಹ್ಯಾಮರ್ ಮೋಡ್ ಇಲ್ಲದೆ ಟೈಲ್ ಬಿಟ್ಟಿನಲ್ಲಿ ಟೈಲ್ ದಾಟಿ, ಆಮೇಲೆ 6 ಎಂಎಂ ಮೇಸನರಿ ಬಿಟ್ ಹಾಕಿದ್ದಾರೆ. ಗೋಡೆಯೊಳಗಿನ ಪೈಪು, ವೈರು ಹುಡುಕೋ ಡಿಟೆಕ್ಟರ್ ಕೂಡ ಆಡಿಸಿದ್ದಾರೆ, ಅದು ಸದ್ದು ಮಾಡಿಲ್ಲ. ಮಾಡೋದೂ ಇಲ್ಲ. ಅಂಗಡಿಯಲ್ಲಿ ಸಿಗೋ ಕಡಿಮೆ ಬೆಲೆಯ ಡಿಟೆಕ್ಟರ್ ಹಿಡಿಯೋದು ಕಬ್ಬಿಣ ಮತ್ತು ಕರೆಂಟ್ ಇರೋ ವೈರನ್ನ. ಹಳೇ ಮನೆಯ ಜಿಐ ಕಬ್ಬಿಣದ ಪೈಪಿಗೆ ಕೂಗತ್ತೆ, ಸಿಪಿವಿಸಿ ಪ್ಲಾಸ್ಟಿಕ್ ಪೈಪಿಗೆ ಕೂಗಲ್ಲ. ಸ್ಕ್ರೂ ಹಿಡಿಯೋ ರಾಲ್ ಪ್ಲಗ್ ಕೂರಬೇಕಾದರೆ ತೂತು 35ರಿಂದ 40 ಎಂಎಂ ಆಳ ಹೋಗಬೇಕು. ನಾವು ಗೋಡೆ ಕೊರೆದು ಕೂರಿಸೋ ಪೈಪು ಟೈಲಿನ ಮುಖದಿಂದ ಒಂದಿಂಚಿನ ಆಸುಪಾಸಿನಲ್ಲೇ ಇರತ್ತೆ.

ಹಾಗಾದರೆ ಪೈಪು ಅಲ್ಲಿಗೆ ಬಂದದ್ದು ಹೇಗೆ? ಆ ಮನೆಯಲ್ಲಿ ನಾವು ಲೈನ್ ಎಳೆಯೋ ಹೊತ್ತಿಗೆ ನೆಲದ ವಾಟರ್‌ಪ್ರೂಫಿಂಗ್ ಮುಗಿದುಹೋಗಿತ್ತು. ನೆಲ ಒಡೆಯೋದು ಬೇಡ ಅಂತ ಏಳಡಿ ಎತ್ತರದಲ್ಲಿ ಅಡ್ಡ ಲೈನ್ ತಂದು, ಅಲ್ಲಿಂದ ಬೇಸಿನ್ನಿಗೆ ನೇರ ಕೆಳಕ್ಕೆ ಇಳಿಸಿದ್ದೆವು. ಎಡಕ್ಕೆ ಬಿಸಿ, ಬಲಕ್ಕೆ ತಣ್ಣಗೆ. ಕನ್ನಡಿಯ ಎಡ ತೂತು ಸರಿಯಾಗಿ ಬಿಸಿನೀರಿನ ಪೈಪಿಗೆ ಬಿದ್ದಿದೆ.

ಇದು ಯಾರಿಗಾದರೂ ಆಗಬಹುದಾದ್ದರಿಂದ ಹೇಳ್ತೀನಿ. ಡ್ರಿಲ್ ಪುಡಿಯಲ್ಲಿ ಸಿಮೆಂಟಿನ ಬೂದು ಹೋಗಿ ಕೆನೆ ಬಣ್ಣದ ಚೂರು ಬಂದರೆ ನಿಲ್ಲಿಸಿ. ಬಿಟ್ ಹೊರಗೆ ಎಳೀಬೇಡಿ. ಡ್ರಿಲ್ಲಿನ ಪ್ಲಗ್ ಕಿತ್ತು, ಬಿಟ್ ಹಿಡಿಯೋ ಚಕ್ ಸಡಿಲಿಸಿ, ಬಿಟ್ಟನ್ನ ಗೋಡೆಯಲ್ಲೇ ಬಿಡಿ. ಅದೇ ಬಿರಡೆ. ವಾಲ್ವ್ ಮುಚ್ಚಿದ ಮೇಲೆ ತೆಗೆದರಾಯ್ತು. ಇಪ್ಪತ್ತಡಿ ಮೇಲಿರೋ ಟ್ಯಾಂಕಿನ ನೀರು 6 ಎಂಎಂ ತೂತಿನಲ್ಲಿ ನಿಮಿಷಕ್ಕೆ ಹೆಚ್ಚುಕಮ್ಮಿ 10 ಲೀಟರ್ ಬರತ್ತೆ. ಆಗಲೇ ಎಳೆದುಬಿಟ್ಟಿದ್ದರೆ ಪೆನ್ಸಿಲ್ ಚೂಪು ಮಾಡಿ ಒತ್ತಿ ಹಿಡೀರಿ. ಸೋಲಾರ್ ಹೀಟರಿನ ಬಿಸಿ ಲೈನಾದರೆ ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಅವರು ಎಪಾಕ್ಸಿ ಪುಟ್ಟಿ ಮೆತ್ತಿ ನೋಡಿದ್ದರು. ಹರಿಯೋ ನೀರಿನ ಎದುರು ಅದು ಅಂಟೋದೇ ಇಲ್ಲ.

ನಾನು ತಲುಪಿ ನೇರ ತಾರಸಿ ಹತ್ತಿ, ಟ್ಯಾಂಕಿನ ಔಟ್‌ಲೆಟ್ ಗೇಟ್‌ವಾಲ್ವ್ ತಿರುಗಿಸಿದೆ. ಬೋರ್ ನೀರಿನ ಉಪ್ಪು ಕಟ್ಟಿ ಗಟ್ಟಿಯಾಗಿತ್ತು, ಪೈಪ್ ರೆಂಚ್ ಹಾಕಿ ಒಂದೇ ಸಮ ಒತ್ತಿದ ಮೇಲೆ ಮುಚ್ಚಿತು. ಕೆಳಗೆ ಬಂದರೆ ನೀರು ಅಷ್ಟೇ ಜೋರು. ಪೈಪಿನಲ್ಲಿ ಉಳಿದದ್ದು ಬರ್ತಿದೆ, ಎರಡು ನಿಮಿಷದಲ್ಲಿ ನಿಲ್ಲತ್ತೆ ಅಂದೆ. ಆ ಮನೆಯ ಅಮ್ಮನವರು ಬಕೆಟ್ ಮೇಲೆ ಬಕೆಟ್ ಚೆಲ್ತಾ ಇದ್ದರು. ಗೋಡೆಯ ಆಚೆ ಪಕ್ಕ ಬೆಡ್‌ರೂಮಿನ ವಾರ್ಡ್‌ರೋಬ್ ಇತ್ತು, ಅದರ ಪ್ಲೈವುಡ್ ಅಂಚು ಊದಿಕೊಳ್ತಿತ್ತು. ಎರಡು ನಿಮಿಷ ಐದಾಯ್ತು, ಐದು ಹನ್ನೆರಡಾಯ್ತು. ನೀರು ಮಾತ್ರ ಸುಡುವಷ್ಟು ಬಿಸಿಯಾಗೇ ಇತ್ತು. ಮುಕ್ಕಾಲಿಂಚಿನ ಪೈಪು ಒಂದು ಮೀಟರಿಗೆ ಅರ್ಧ ಲೀಟರ್ ನೀರೂ ಹಿಡಿಯಲ್ಲ. ಉಳಿದ ನೀರು ಹನ್ನೆರಡು ನಿಮಿಷ ಬರೋದಕ್ಕೆ ಸಾಧ್ಯವೇ ಇಲ್ಲ ಅಂತ ಈ ಕಸುಬಿನಲ್ಲಿರೋ ನನಗೆ ಮೊದಲ ನಿಮಿಷದಲ್ಲೇ ಹೊಳೀಬೇಕಿತ್ತು.

ಸೋಲಾರಿಗೆ ಟ್ಯಾಂಕಿನಿಂದ ಬೇರೆಯದೇ ಔಟ್‌ಲೆಟ್ ಇರತ್ತೆ. ಮನೆ ಲೈನ್ ಮುಚ್ಚಿದರೂ ಆ ತಣ್ಣೀರು ಸೋಲಾರಿನ ಅಡಿಯಿಂದ ಒಳಹೋಗಿ, ಮೇಲಿನ ಬಿಸಿನೀರನ್ನ ಕೆಳಗೆ ತಳ್ತಾನೇ ಇರತ್ತೆ. ಓಡಿಹೋಗಿ ಸೋಲಾರಿನ ಕೋಲ್ಡ್ ಇನ್‌ಲೆಟ್ ವಾಲ್ವ್ ಮುಚ್ಚಿದೆ, ಸ್ವಲ್ಪ ಹೊತ್ತಿನಲ್ಲಿ ನಿಂತಿತು. ಬಿಸಿನೀರಿನ ಔಟ್‌ಲೆಟ್ ಸೋಲಾರ್ ಟ್ಯಾಂಕಿನ ಮೇಲ್ಭಾಗದಲ್ಲಿರೋದರಿಂದ, ಇನ್‌ಲೆಟ್ ಮುಚ್ಚಿದರೆ ಮಟ್ಟ ಅದರ ಕೆಳಗೆ ಇಳಿದ ಕೂಡಲೇ ಹರಿವು ನಿಲ್ಲತ್ತೆ. ಗಾಜಿನ ಟ್ಯೂಬುಗಳೂ ತುಂಬಿಯೇ ಇರ್ತವೆ. ಯಾರಾದರೂ ಪೂರ್ತಿ ಡ್ರೈನ್ ಮಾಡಿದ್ದರೆ ಮಾತ್ರ ಬಿಸಿಲಿನಲ್ಲಿ ತಣ್ಣೀರು ಬಿಡಬಾರದು. ಕಾದ ಖಾಲಿ ಟ್ಯೂಬಿಗೆ ತಣ್ಣೀರು ತಾಗಿದರೆ ಸೀಳಿಹೋಗತ್ತೆ. ಸೂರ್ಯ ಏಳೋ ಮುಂಚೆ ತುಂಬಿಸಿ.

ರಿಪೇರಿಗೆ ಒಂದು ಟೈಲಿನಷ್ಟು ಒಡೆದರೆ ಸಾಲದು. ಪೈಪು ಕತ್ತರಿಸಿ ತುಂಡು ಜೋಡಿಸೋ ಎರಡು ಕಪ್ಲರ್ ತೂರಿಸಬೇಕಾದರೆ ಅದನ್ನ ಮುಂದಕ್ಕೆ ಬಾಗಿಸಬೇಕು. ತೂತಿನ ಮೇಲೆ ಕೆಳಗೆ ಹತ್ತತ್ತು ಇಂಚು ಗಾರೆ ಬಿಡಿಸಲೇಬೇಕು. ಬಿಸಿ ಲೈನಿಗೆ ಬಿಳಿ ಯುಪಿವಿಸಿ ತುಂಡು ಸೇರಿಸೋರನ್ನ ನೋಡಿದ್ದೀನಿ. ಅದು ತಣ್ಣೀರಿನ ಪೈಪು, 45 ಡಿಗ್ರಿಯ ಮೇಲೆ ಮೆತ್ತಗಾಗತ್ತೆ. ಕೆನೆ ಬಣ್ಣದ ಸಿಪಿವಿಸಿಯೇ, ಅದೂ ದಪ್ಪ ಗೋಡೆಯ ಎಸ್‌ಡಿಆರ್ 11 ದರ್ಜೆಯದು ಹಾಕಿ. ನೇರ ಕತ್ತರಿಸಿ, ಕತ್ತರಿಸಿದ ಅಂಚಿನ ಒಳಗಿನ ಚೂರು (ಬರ್) ಕೆರೆದು, ಒಣಬಟ್ಟೆಯಲ್ಲಿ ಒರೆಸಿ. ಮೇಲಿಂದ ಹನಿ ನಿಲ್ಲದಿದ್ದರೆ ಪೈಪಿನೊಳಗೆ ಬ್ರೆಡ್ಡಿನ ಬಿಳಿಭಾಗ ತುರುಕಿ, ಆಮೇಲೆ ಅದು ಕರಗಿ ನಲ್ಲಿಯಲ್ಲಿ ಹೋಗತ್ತೆ. ನಲ್ಲಿಯ ಜಾಲರಿ ಮಾತ್ರ ಬಿಚ್ಚಿಡಿ. ಎರಡೂ ಕಡೆ ಸಾಲ್ವೆಂಟ್ ಅಂಟು ಸವರಿ, ಕಾಲು ಸುತ್ತು ತಿರುಗಿಸಿ ಒತ್ತಿ, ಅರ್ಧ ನಿಮಿಷ ಹಿಡೀರಿ. ಬಿಟ್ಟರೆ ಪೈಪು ತಾನೇ ಹಿಂದಕ್ಕೆ ಜಾರತ್ತೆ.

ಸಂಜೆಯೇ ಟೈಲ್ ಮುಚ್ಚಿ ಬನ್ನಿ ಅಂತ ಆಫೀಸಿನಿಂದ ಎರಡು ಸಲ ಫೋನ್. ಬಿಸಿ ಲೈನಿನ ಜಾಯಿಂಟಿಗೆ ನಾನು 24 ಗಂಟೆ ಕೊಡ್ತೀನಿ, ಒಪ್ಪಲಿಲ್ಲ. ಪ್ಲಾಸ್ಟರಿಗೆ ಮುಂಚೆ ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆದು ಮನೆಯವರಿಗೆ ಕೊಡಿ ಅಂತ ನಮ್ಮ ಆಫೀಸಿಗೆ ಎಷ್ಟು ಸಲ ಹೇಳಿದ್ದೀನಿ. ಹಾಗೆ ಕೊಟ್ಟಿದ್ದರೆ ಅವರು ನನ್ನನ್ನ ಕೇಳೋ ಅಗತ್ಯವೇ ಇರ್ತಿರಲಿಲ್ಲ. ಈಗ ಯಾರೇ ಫೋನಿನಲ್ಲಿ ಕೇಳಲಿ, ಗೋಡೆ ನೋಡದೆ ಹೇಳಲ್ಲ. ಆಂಗಲ್ ಕಾಕಿನ ನೇರ ಮೇಲೆ, ಶವರಿಗೆ ನೀರು ತಿರುಗಿಸೋ ಡೈವರ್ಟರಿನಿಂದ ಶವರಿನವರೆಗೆ, ಎರಡೂ ಪಕ್ಕ ಆರಾರು ಇಂಚು ಬಿಡಿ ಅಂತೀನಿ.

ಮರುದಿನ ಮಧ್ಯಾಹ್ನ ವಾಲ್ವ್ ಕಾಲು ಸುತ್ತು ಬಿಟ್ಟು, ಗಾಳಿ ಹೋಗಲಿ ಅಂತ ನಲ್ಲಿ ತೆರೆದಿಟ್ಟೆವು. ಬಿಸಿನೀರು ಬಂದ ಮೇಲೆ ನಲ್ಲಿ ಮುಚ್ಚಿ, ಎರಡೂ ಕಪ್ಲರಿನ ಸುತ್ತ ಪೇಪರ್ ಒತ್ತಿ ನೋಡಿದೆ. ಒಣಗಿತ್ತು. ಗಾರೆ ಮೆತ್ತೋ ಮೊದಲು ಅವರೇ ಟೇಪ್ ಹಿಡಿದರು, ನಾನು ಫೋಟೋ ತೆಗೆದೆ. ಬೇಸಿನ್ ಮಧ್ಯದಿಂದ ಎಡಕ್ಕೆ ಮೂರಿಂಚು. ತಾರಸಿಯ ಎರಡು ವಾಲ್ವಿನ ಪಕ್ಕ ಕೆಂಪು ಎನಾಮೆಲ್ ಪೇಂಟಿನಲ್ಲಿ ಬರೆದುಬಂದೆ: ಮನೆ, ಸೋಲಾರ್.