ಡಬ್ಬಿಯೊಳಗೆ ಎಂತದೂ ಕಾಣ್ತಿಲ್ಲ, ಆದ್ರೂ ಅದ್ರಲ್ಲಿ ಟ್ಯಾರಂಟುಲಾ ಇದೆ

"ದುಡ್ಡು ಕೊಟ್ಟು ಜೇಡ ತಗಂಡು ಬಂದ್ಯ ತಮಾ? ಮನೇಲಿ ಇಪ್ಪದು ಸಾಕಾಗ್ತಿತ್ತಿಲ್ಯ?" ಅಂತ ಆಯಿ ಕೇಳಿದ್ದು 2024ರ ಏಪ್ರಿಲ್‌ನಲ್ಲಿ, ಮಾರಿಜಾತ್ರೆ ಮುಗಿದು ಶಿರಸಿ ಪೇಟೆ ಇನ್ನೂ ಸುಧಾರಿಸಿಕೊಳ್ತಿದ್ದ ಟೈಮು. ಆಯಿ ಮಾತಲ್ಲೂ ನ್ಯಾಯ ಇತ್ತು ಬಿಡಿ, ನಮ್ಮನೆ ಅಟ್ಟದ ಮೇಲೆ, ಕೊಟ್ಟಿಗೇಲಿ, ಬಚ್ಚಲ ಮೂಲೇಲಿ ಪುಕ್ಕಟೆ ಸಿಗೋ ಜೇಡನ್ನೆಲ್ಲ ಅವಳು ವಾರಕ್ಕೊಂದ್ಸಲ ಕಸಬರಿಗೆ ತಗೊಂಡು ಗುಡಿಸಿ ಹೊರಗೆ ಹಾಕ್ತಾಳೆ, ಮಗ ನೋಡಿದ್ರೆ ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಎರಡು ಜೇಡದ ಮರೀನ ಟಿಫಿನ್ ಡಬ್ಬಿಯೊಳಗೆ ಟಿಶ್ಯೂ ಸುತ್ತಿ, ಮಡಿಲಲ್ಲೇ ಇಟ್ಕೊಂಡು, ನಿದ್ದೆಗೆಟ್ಟು ಬಂದಿದ್ದ. ಅಷ್ಟೆಲ್ಲ ಮಾಡಿ ಡಬ್ಬಿ ತೆಗೆದು ತೋರ್ಸಿದ್ರೆ ಎರಡೂ ಸೇರಿ ಒಂದು ಅಡಿಕೆ ಹೋಳಿನಷ್ಟೂ ಇರ್ಲಿಲ್ಲ.

ಎರಡೂ ಟ್ಯಾರಂಟುಲಾ, ಅಂದ್ರೆ ಮೈತುಂಬ ಕೂದ್ಲಿರೋ ದೊಡ್ಡ ಜೇಡದ ಜಾತಿ. ಒಂದು ಕರ್ಲಿ ಹೇರ್, ಇನ್ನೊಂದು ಗ್ರೀನ್ ಬಾಟಲ್ ಬ್ಲೂ, ಇದನ್ನ ಸಾಕೋರೆಲ್ಲ ಜಿಬಿಬಿ ಅಂತಾರೆ. ಕರ್ಲಿ ಮೂಲತಃ ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ ಕಡೇದು, ಮೈತುಂಬ ಗುಂಗುರು ಕೂದ್ಲು, ಸ್ವಭಾವ ಸಾಧು, ಹೊಸಬ್ರಿಗೆ ಎಲ್ಲರೂ ಹೇಳೋದು ಇದನ್ನೇ. ಜಿಬಿಬಿ ವೆನೆಜುವೆಲಾದ ಪರಗ್ವಾನಾ ಅನ್ನೋ ಕಡೆಯಿಂದ ಬಂದ ಜಾತಿ, ಅಲ್ಲಿ ಪೂರಾ ಒಣಭೂಮಿ, ಕುರುಚಲು ಮುಳ್ಳಿನ ಗಿಡ. ದೊಡ್ಡದಾದ್ಮೇಲೆ ಕಾಲು ನೀಲಿ, ಬೆನ್ನು ಹಸಿರು, ಹೊಟ್ಟೆ ಕಿತ್ತಳೆ, ಫೋಟೋ ನೋಡಿದವ್ರು ಯಾರೂ ಬೇಡ ಅನ್ನಲ್ಲ. ನಾನೂ ಅನ್ಲಿಲ್ಲ. ಮುಳ್ಳುಗಿಡದ ಊರಿನ ಜೇಡನ್ನ ಶಿರಸಿ ಮಳೆಗಾಲಕ್ಕೆ ತರ್ತಾ ಇದೀನಿ ಅಂತ ತಲೆಗೆ ಹೋಗಿದ್ದು ಜೂನ್ ಬಂದ್ಮೇಲೆ.

ಕಾರವಾರದ ದೋಸ್ತ ಒಬ್ಬ ಫೋನಲ್ಲಿ ನಕ್ಕಿದ್ದೇ ನಕ್ಕಿದ್ದು. ನಮ್ಮ ಕದ್ರಾ ಕಡೆ ರಸ್ತೆ ಪಕ್ಕದ ದರೇಲೇ ಬಿಲ ಮಾಡ್ಕೊಂಡಿರ್ತಾವೆ, ಒಂದು ಹಿಡಿದು ಕಳಿಸ್ಲಾ ಅಂದ. ಅವ್ನು ಹೇಳಿದ್ದು ಸುಳ್ಳಲ್ಲ. ಪೊಕಾಕ್ ಅನ್ನೋ ಬ್ರಿಟಿಷ್ ವಿಜ್ಞಾನಿ 1899ರಲ್ಲೇ ಕಾರವಾರದಿಂದ ಹೋದ ಜೇಡ ನೋಡಿ ಅದಕ್ಕೆ ತ್ರಿಗ್ಮೋಪಿಯಸ್ ಟ್ರುಕ್ಯುಲೆಂಟಸ್ ಅಂತ ಹೆಸರಿಟ್ಟಿದ್ದ. ಟ್ರುಕ್ಯುಲೆಂಟಸ್ ಅಂದ್ರೆ ಲ್ಯಾಟಿನ್‌ನಲ್ಲಿ ಸಿಟ್ಟಿನದು, ಜಗಳಗಂಟ ಅಂತ ಅರ್ಥ. ನಮ್ಮ ಜಿಲ್ಲೆ ಹೆಸರು ಜೇಡದ ಲೋಕದಲ್ಲಿ ಹೀಗೆ ದಾಖಲಾಗಿದೆ, ಇದನ್ನ ಯಾರಿಗೆ ಹೇಳಿದ್ರೂ ಖುಷಿ ಪಡಲ್ಲ, ನಂಗೊಬ್ಬನಿಗೇ ಹೆಮ್ಮೆ.

ಆದ್ರೆ ಕಾಡಿಂದ ಹಿಡಿಯೋದು ಬೇಡವೇ ಬೇಡ ಅಂದೆ. ಈ ಜೇಡಗಳು ದೊಡ್ಡದಾಗೋಕೆ ವರ್ಷಗಟ್ಟಲೆ ಬೇಕು, ಹೆಣ್ಣು ಒಂದೇ ಬಿಲದಲ್ಲಿ ಬಹಳ ಕಾಲ ಕೂತಿರ್ತದೆ, ಒಂದು ದರೆಯಿಂದ ನಾಲ್ಕು ಹೆಣ್ಣು ಕಿತ್ಕೊಂಡು ಬಂದ್ರೆ ಆ ದರೆ ಖಾಲಿ. ಮರದ ಪೊಟರೇಲಿ ಇರೋ ಪೊಯಿಸಿಲೊಥೀರಿಯಾ ಅಂತ ಇನ್ನೊಂದು ಗುಂಪಿದೆ, ನಮ್ಮ ಘಟ್ಟದಲ್ಲೂ ಇದಾವೆ, ನೋಡೋಕೆ ರಂಗೋಲಿ ಥರ, ಆದ್ರೆ ಕಚ್ಚಿದ್ರೆ ದಿನಗಟ್ಟಲೆ ಮೈಕೈ ಹಿಡ್ಕೊಳ್ಳೋ ಥರದ ನೋವು. ಆ ಇಡೀ ಗುಂಪನ್ನ 2019ರಲ್ಲಿ ಸೈಟಿಸ್ ಪಟ್ಟಿಗೆ ಸೇರ್ಸಿದಾರೆ, ಅಂದ್ರೆ ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಹಿಡಿತ. ನನ್ನ ಕರ್ಲಿ ಕೂಡ ಅದೇ ಪಟ್ಟಿಲಿರೋ ಜಾತಿ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ್ಮೇಲೆ ಇಂಥಾ ವಿದೇಶಿ ಪ್ರಾಣಿ ಸಾಕೋರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡ್ಬೇಕು, ಅದರ ನಿಯಮ ಬಂದಿದ್ದು 2024ರ ಫೆಬ್ರವರಿಲಿ. ಹಂಗಾಗಿ ಸಾಕಿದ ತಾಯಿಗೆ ಹುಟ್ಟಿದ ಮರಿ, ಕೊಟ್ಟವರ ಕಾಗದ, ಎಲ್ಲ ಕೇಳಿ ತಗೊಂಡೆ. ಒಂದು ಕಡ್ಲೆ ಗಾತ್ರದ ಹುಳಕ್ಕೆ ಅಷ್ಟು ಅರ್ಜಿ ತುಂಬ್ತಾ ಕೂತಿದ್ದನ್ನ ನೋಡಿ ಅಪ್ಪ, "ತೋಟದ ಪಹಣಿಗೂ ಇಷ್ಟು ಓಡಾಡಿದ್ದಿಲ್ಲೆ ನೀನು" ಅಂದ.

ಮನೆ ಅಂದ್ರೆ ಎಂತ, ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ. ಸೂಜಿ ಕಾಸಿ ಎದುರುಬದುರು ತೂತು, ಒಳಗೆ ಮಣ್ಣಿನ ಬದ್ಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಬಾಟಲಿ ಮುಚ್ಚಳದಲ್ಲಿ ನೀರು, ಒಂದು ತುಂಡು ತೊಗಟೆ. ದೊಡ್ಡ ಗಾಜಿನ ಪೆಟ್ಟಿಗೆ ತರ್ಬೇಕು ಅಂತ ನಂಗೂ ಆಸೆ ಇತ್ತು, ಆದ್ರೆ ಮರಿಗೆ ದೊಡ್ಡ ಜಾಗ ಕೊಟ್ರೆ ಅದಕ್ಕೆ ಊಟ ಸಿಗಲ್ಲ, ನಮಗೆ ಅದು ಸಿಗಲ್ಲ. ಇನ್ನೊಂದು, ಇವು ನೆಲದ ಮೇಲಿರೋ ಜಾತಿ, ಮುಚ್ಚಳದ ತನಕ ಹತ್ತಿ ಬಿದ್ರೆ ಹೊಟ್ಟೆ ಒಡೆದು ಸತ್ತೇ ಹೋಗ್ಬಹುದು, ಅದಕ್ಕೆ ಮಣ್ಣಿಂದ ಮುಚ್ಚಳಕ್ಕೆ ಜಾಸ್ತಿ ಎತ್ತರ ಬಿಡಬಾರ್ದು. ಕೈ ಮೇಲೆ ಬಿಟ್ಕೊಂಡು ಫೋಟೋ ತೆಗಿಬಾರ್ದು ಅನ್ನೋದಕ್ಕೂ ಮುಖ್ಯ ಕಾರಣ ಇದೇ.

ಊಟದ್ದು ದೊಡ್ಡ ಕಥೆ. ತೋಟದಲ್ಲಿ ಹುಳಕ್ಕೆ ಬರ ಇಲ್ಲ, ಹಿಡಿದು ಹಾಕಿದ್ರಾಯ್ತು ಅಂತ ನಂದು ಲೆಕ್ಕ. ಆಮೇಲೆ ನೆನಪಾಯ್ತು, ಮಳೆ ಶುರುವಾದ್ರೆ ಅಡಿಕೆ ಕೊಳೆರೋಗಕ್ಕೆ ಕೊನೆಗೌಡ (ಅಡಿಕೆ ಮರ ಹತ್ತೋನು) ಬಂದು ಬೋರ್ಡೋ ಮದ್ದು ಹೊಡೀತಾನೆ, ಬೋರ್ಡೋ ಅಂದ್ರೆ ಒಂದು ಕೇಜಿ ಮೈಲುತುತ್ತ, ಅಂದ್ರೆ ತಾಮ್ರದ ಉಪ್ಪು, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು, ನಮ್ಮ ತೋಟದ ಎಲೆ, ಮಣ್ಣು, ಹುಳ ಎಲ್ಲದ್ರ ಮೇಲೂ ಆ ನೀಲಿ ಬಿದ್ದೇ ಇರ್ತದೆ. ಅಂಥಾ ಹುಳ ತಿಂದು ಕಡ್ಲೆ ಗಾತ್ರದ ಜೇಡ ಉಳಿಯೋದು ನಂಬಿಕೆ ಇಲ್ಲ. ತಮಾಷೆ ಅಂದ್ರೆ ಟ್ಯಾರಂಟುಲಾ ರಕ್ತದಲ್ಲೂ ತಾಮ್ರ ಇದೆ, ನಮ್ಮ ರಕ್ತದಲ್ಲಿ ಕಬ್ಬಿಣ ಮಾಡೋ ಕೆಲ್ಸ ಅದ್ರಲ್ಲಿ ತಾಮ್ರ ಮಾಡ್ತದೆ, ಅದಕ್ಕೇ ರಕ್ತ ತಿಳಿನೀಲಿ. ಮೈಯೊಳಗಿನ ತಾಮ್ರ ಬೇರೆ, ಮೈಲುತುತ್ತ ಬೇರೆ ಅಷ್ಟೇ.

ಹಂಗಾಗಿ ಜೇಡದ ಊಟಕ್ಕೆ ಅಂತ ಮೀಲ್‌ವರ್ಮ್ ಅನ್ನೋ ಹುಳ ಸಾಕೋಕೆ ಶುರು ಮಾಡ್ದೆ. ಅದಕ್ಕೆ ಬೇಕಾಗಿದ್ದು ಗೋಧಿ ಬೂಸಾ, ನೀರಿಗೆ ಬದ್ಲು ಒಂದು ಚೂರು ಕ್ಯಾರೆಟ್. ಬೂಸಾ ಕೊಟ್ಟಿಗೇಲಿ ಚೀಲಗಟ್ಟಲೆ ಇತ್ತು, ಒಂದು ಬೋಗುಣಿ ತೆಗೆದೆ, ಆಯಿಗೆ ಗೊತ್ತಾಯ್ತು. ಆಕಳಿಗೆ ತಂದಿದ್ದನ್ನ ಹುಳಕ್ಕೆ ಹಾಕಿ, ಆ ಹುಳನ್ನ ಜೇಡಕ್ಕೆ ಹಾಕಿ, ಆ ಜೇಡದಿಂದ ನಮಗೆ ಎಂತ ಬತ್ತು ಅಂತ ಕೇಳಿದ್ಲು. ಇವತ್ತಿಗೂ ಉತ್ತರ ಇಲ್ಲ. ಕೊನೆಗೆ ಕರಾರು ಆಯ್ತು, ಹುಳದ ಡಬ್ಬಿ ಕೊಟ್ಟಿಗೆ ದಾಟಿ ಅಡುಗೆಮನೆ ಕಡೆ ಬರಬಾರ್ದು, ಬೂಸಾ ಲೆಕ್ಕ ಅವಳ ಹತ್ರ. ಮರಿಗಳಿಗೆ ಜೀವಂತ ಹುಳ ಹಾಕಲ್ಲ, ತುಂಡು ಮಾಡಿ ಒಂದು ಚೂರು ಇಡ್ತೀನಿ, ರಾತ್ರಿ ಬಂದು ಎಳ್ಕೊಂಡು ಹೋಗ್ತಾವೆ, ಬೆಳಗ್ಗೆ ಉಳಿದಿದ್ರೆ ತೆಗೀಲೇಬೇಕು, ಇಲ್ಲಾಂದ್ರೆ ಬೂಷ್ಟು.

ಬೂಷ್ಟು ಅಂದ್ನಲ್ಲ. ಅದಕ್ಕಿಂತ ಮೊದ್ಲು ಇರುವೆ ಬಂತು. ಮೇ ತಿಂಗಳಲ್ಲಿ ಒಂದಿನ ಬೆಳಗ್ಗೆ ನೋಡ್ತೀನಿ, ಕರ್ಲಿ ಡಬ್ಬಿ ಗೋಡೆ ಮೇಲೆ ಇರುವೆ ಸಾಲು. ಇರುವೆ ಒಳಗೆ ಹೊಕ್ರೆ ಮರಿ ಉಳಿಯಲ್ಲ. ನಾನು ಕಿರುಚಿದ ಸದ್ದಿಗೆ ಆಯಿ ಬಂದು ಬಾಗ್ಲಲ್ಲೇ ನಿಂತು, ಜೋನಿಬೆಲ್ಲದ ಡಬ್ಬಿ ಎಲ್ಲಿಡ್ತ ಅಂತ ನಿಂಗೆ ಗೊತ್ತಿಲ್ಯ ಅಂದ್ಲು. ತಟ್ಟೇಲಿ ನೀರು ಹಾಕಿ ಮಧ್ಯ ಡಬ್ಬಿ ಇಡೋದು, ಹುಟ್ಟಿದಾಗಿಂದ ನೋಡ್ತಾ ಬಂದಿದ್ದು, ನಾನು ಮಾತ್ರ ಇಂಟರ್ನೆಟ್‌ನಲ್ಲಿ ಹುಡುಕ್ತಾ ಇದ್ದೆ. ಆವತ್ತಿಂದ ಎರಡೂ ಡಬ್ಬಿ ನೀರಿನ ತಟ್ಟೆ ನಡುವೆ.

ಮಳೆ ಹಿಡೀತು. ನಮ್ಮ ಕಡೆ ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿ, ಗೋಡೆಗೆ ಹಾಕಿದ ಫೋಟೋ ಎಲ್ಲದಕ್ಕೂ ಬೂಷ್ಟು ಬರ್ತದೆ, ಒಗೆದ ಬಟ್ಟೆ ನಾಲ್ಕು ದಿನ ಆದ್ರೂ ತಣ್ಣಗೇ. ಕರ್ಲಿಗೆ ಸ್ವಲ್ಪ ತೇವ ಇದ್ರೆ ಖುಷಿನೇ, ಅದು ಆರಾಮಾಗಿತ್ತು. ಜಿಬಿಬಿ ಮಾತ್ರ ಪಾಪ. ಅದು ಡಬ್ಬಿ ತುಂಬ ಬಲೆ ನೇಯ್ತದೆ, ಪರದೆ ಕಟ್ಟಿದಂಗೆ ಪದರ ಪದರ, ಆ ಬಲೆಯ ಬುಡದಲ್ಲಿ ಬಿಳಿ ಬೂಷ್ಟು ಕಾಣಿಸ್ತು. ತಪ್ಪು ನಂದೇ. ಏಪ್ರಿಲ್ ಸೆಖೆಗೆ ಪಾಪ ಬಾಯಾರ್ತದೆ ಅಂತ ದಿನಾ ಎರಡು ಸಲ ಸ್ಪ್ರೇ ಹೊಡ್ದಿದ್ದೆ, ಕೋಕೋಪೀಟ್ ತಳದ ತನಕ ನೆಂದು ಕೂತಿತ್ತು. ಅಪ್ಪ, "ಬಚ್ಚಲ ಒಲೆ ಹತ್ರ ಇಡು, ಒಣಗ್ತು" ಅಂದ, ಅಡಿಕೆಗಾದ್ರೆ ಸರಿ, ಆದ್ರೆ ಜೇಡಕ್ಕೆ ಹೊಗೆ ಆಗಲ್ಲ. ಡಬ್ಬಿ ಬದಲಾಯಿಸ್ದೆ, ಹೊಸದಕ್ಕೆ ಡಬಲ್ ತೂತು, ಕೋಕೋಪೀಟ್‌ನ ಬಾಣಲೇಲಿ ಹುರಿದು ತಣಿಸಿ ಹಾಕ್ದೆ (ಆ ಬಾಣಲೆ ವಿಷಯ ಇಲ್ಲಿ ಬೇಡ), ಫ್ರಿಜ್ ಹಿಂದಿನ ಬೆಚ್ಚನೆ ಗೋಡೆ ಹತ್ರ ಶೆಲ್ಫ್ ಮಾಡಿ ಅಲ್ಲಿಟ್ಟೆ. ಸ್ಪ್ರೇ ಬಾಟಲಿ ತಗೊಂಡು ಹೋಗಿ ದಾಸವಾಳ ಗಿಡದ ಬುಡಕ್ಕಿಟ್ಟೆ. ಮುಚ್ಚಳದಲ್ಲಿ ಒಂದೆರಡು ಹನಿ ನೀರು, ಅಷ್ಟೇ ಸಾಕು ಅದಕ್ಕೆ.

ಜುಲೈಲಿ ಕರ್ಲಿ ನಾಪತ್ತೆ. ಬಿಲದ ಬಾಯಿಗೆ ಒಳಗಿಂದಲೇ ಮಣ್ಣು ಮುಚ್ಚಿ ಕೂತಿತ್ತು. ಒಂದು ವಾರ, ಎರಡು ವಾರ, ಮೂರು ವಾರ. ಎಲ್ಲ ಕಡೆ ಬರ್ದಿದ್ದು ಒಂದೇ, ಪೊರೆ ಬಿಡೋ ಮೊದ್ಲು ಹಿಂಗೆ ಮಾಡ್ತಾವೆ, ಸುಮ್ನಿರಿ. ಸುಮ್ನಿರೋದು ಎಷ್ಟು ಕಷ್ಟ ಅಂತ ಬರೆದವ್ರಿಗೆ ಗೊತ್ತಿಲ್ವೋ ಎಂತದೋ. ನಾಯಿ ಆದ್ರೆ ಬಾಲ ಅಲ್ಲಾಡಿಸ್ತದೆ, ಬೆಕ್ಕು ಕಾಲಿಗೆ ಸುತ್ತುತ್ತದೆ, ಇದು ಒಂದು ಡಬ್ಬಿ ಮಣ್ಣು. ದಿನಾ ರಾತ್ರಿ ಟಾರ್ಚ್ ಹಿಡಿದು ಒಂದು ಡಬ್ಬಿ ಮಣ್ಣು ನೋಡ್ತಾ ಕೂತಿರ್ತಿದ್ದೆ. ಇಪ್ಪತ್ತೆರಡನೇ ದಿನ ತಡ್ಕೊಳ್ಳೋಕಾಗ್ದೆ ಚಮಚ ತಗೊಂಡು ಅಗೆದೆ. ಇತ್ತು. ಜೀವಂತ ಇತ್ತು. ಹೊಟ್ಟೆ ಕಪ್ಪಗೆ ಮಿಂಚ್ತಾ ಇತ್ತು, ಅಂದ್ರೆ ಇನ್ನೇನು ಪೊರೆ ಬಿಡೋದ್ರಲ್ಲಿತ್ತು, ನಾನು ಅದರ ಬಾಣಂತಿ ಕೋಣೆಗೆ ಜೆಸಿಬಿ ನುಗ್ಗಿಸಿದಂಗೆ ಆಯ್ತು. ಮಣ್ಣು ವಾಪಸ್ ಮುಚ್ಚಿ ಮೂಲೇಲಿಟ್ಟು ಬಂದೆ, ಆವತ್ತು ಊಟ ಸೇರ್ಲಿಲ್ಲ. ಅದು ಇನ್ನೂ ಹನ್ನೆರಡು ದಿನ ಬಿಟ್ಟು ತಾನೇ ಹೊರಗೆ ಬಂತು, ಮೊದಲಿನಕ್ಕಿಂತ ದೊಡ್ಡದಾಗಿ, ಬಾಗಿಲಲ್ಲಿ ಹಳೇ ಪೊರೆ ಮುದ್ದೆ ಮಾಡಿ ಬಿಸಾಕಿತ್ತು.

ಜಿಬಿಬಿ ಹಂಗಲ್ಲ, ಎಲ್ಲ ಕಣ್ಣೆದುರಿಗೇ. ಆಗಸ್ಟ್‌ನಲ್ಲಿ ಒಂದು ರಾತ್ರಿ ಕರೆಂಟಿಲ್ಲ, ಆಯಿ ಫ್ರಿಜ್ ಹತ್ರ ಮೊಂಬತ್ತಿ ಹುಡುಕೋಕೆ ಹೋದವಳು ಅಲ್ಲಿಂದ್ಲೇ ಕೂಗಿದ್ಲು, "ತಮಾ, ನಿನ್ನ ಜೇಡ ಅಂಗಾತ ಬಿದ್ದಿದ್ದು, ಸತ್ತೋತು ಕಾಣ್ತು." ದನಿಯಲ್ಲಿ ಬೇಜಾರು ಏನೂ ಇರ್ಲಿಲ್ಲ. ಓಡಿ ಹೋಗಿ ನೋಡಿದ್ರೆ ಬಲೆ ಮೇಲೆ ಬೆನ್ನಡಿ ಮಾಡಿ, ಎಂಟೂ ಕಾಲು ಚಾಚಿ ಮಲಗಿದೆ. ಸತ್ತ ಟ್ಯಾರಂಟುಲಾ ಹಂಗಿರಲ್ಲ, ಅದರ ಕಾಲು ಹೊಟ್ಟೆ ಕೆಳಗೆ ಮುದುರಿರ್ತದೆ, ಯಾಕಂದ್ರೆ ಅದು ಕಾಲು ಚಾಚೋದು ಮೈಯೊಳಗಿನ ದ್ರವದ ಒತ್ತಡದಿಂದ, ಒತ್ತಡ ಹೋದ್ರೆ ಮುದುರಿಕೊಳ್ತದೆ. ಅಂಗಾತ ಇದ್ರೆ ಪೊರೆ ಬಿಡ್ತಾ ಇದೆ ಅಂತ. ಆಗ ಮುಟ್ಟಬಾರ್ದು, ತಿರುಗಿಸಬಾರ್ದು, ಊದಬಾರ್ದು. ನಂಗೆ ಇದೆಲ್ಲ ಬಾಯಿಪಾಠ, ಆದ್ರೂ ಕೈ ಮುಚ್ಚಳದ ತನಕ ಹೋಗಿತ್ತು. ಕರ್ಲಿ ನೆನಪಾಗಿ ವಾಪಸ್ ತಗೊಂಡೆ. ಮೊಬೈಲ್ ಬೆಳಕಲ್ಲಿ ನೋಡ್ತಾ ಕೂತೆ, ಬೆನ್ನಿನ ಚಿಪ್ಪು ಮುಚ್ಚಳದಂಗೆ ತೆರೆದು, ಒಳಗಿಂದ ಕಾಲು ಒಂದೊಂದಾಗಿ, ಕೈಗವಸಿಂದ ಬೆರಳು ಎಳೆದಂಗೆ. ಹೊರಗೆ ಬಂದಾಗ ಹಲ್ಲು ಬೆಳ್ಳಗೆ, ಮೆತ್ತಗೆ. ಹಲ್ಲು ಕಪ್ಪಾಗಿ ಗಟ್ಟಿಯಾಗೋ ತನಕ ಊಟ ಇಡೋ ಹಂಗಿಲ್ಲ, ಒಂದು ಮೀಲ್‌ವರ್ಮ್ ಕೂಡ ಆ ಟೈಮಲ್ಲಿ ಅದನ್ನ ಗಾಯ ಮಾಡ್ಬಹುದು.

ನಮ್ಮಲ್ಲಿ ಮೈಮೇಲೆ ಗುಳ್ಳೆ ಎದ್ರೆ ಜೇಡ ಉಚ್ಚೆ ಹೊಯ್ದಿದೆ ಅಂತಾರಲ್ಲ, ಅದನ್ನ ನಾನು ನಗಾಡ್ತಿದ್ದೆ. ಕಳೆದ ವರ್ಷ ಕರ್ಲಿ ಡಬ್ಬಿ ಕ್ಲೀನ್ ಮಾಡೋವಾಗ ಅದು ಹಿಂಗಾಲಲ್ಲಿ ಹೊಟ್ಟೆ ಮೇಲಿನ ಕೂದ್ಲು ಕೆರೆದು ಗಾಳಿಗೆ ಬಿಡ್ತು, ಅಮೆರಿಕ ಕಡೆ ಟ್ಯಾರಂಟುಲಾ ಬಹಳಷ್ಟಕ್ಕೆ ಇದೇ ಆಯುಧ, ನಮ್ಮ ಘಟ್ಟದವಕ್ಕೆ ಈ ಕೂದ್ಲಿಲ್ಲ, ಅವು ಸೀದಾ ಕಚ್ಚೋ ಗಿರಾಕಿಗಳು. ಮೊಣಕೈ ತನಕ ಎರಡು ದಿನ ತುರಿಕೆ. ಆಯಿಗೆ ಹೇಳೋ ಹಂಗಿಲ್ಲ, ಹೇಳಿದ್ರೆ ಅವಳ ಮಾತೇ ಗೆಲ್ತದೆ, ಉದ್ದ ಕೈ ಅಂಗಿ ಹಾಕ್ಕೊಂಡು ಓಡಾಡ್ದೆ. ಕಣ್ಣಿಗೆ ಹೋಗಿದ್ರೆ ಡಾಕ್ಟ್ರ ಹತ್ರ ಓಡ್ಬೇಕಿತ್ತು, ಈಗ ಡಬ್ಬಿ ತೆಗೆಯೋವಾಗ ಕನ್ನಡಕ, ಕೈಗವಸು.

ಜಿಬಿಬಿ ಪೊರೆಯನ್ನ ನೀರಲ್ಲಿ ನೆನೆಸಿ ಬಿಡಿಸಿ ಭೂತಗನ್ನಡಿಲಿ ನೋಡ್ದೆ, ಹೆಣ್ಣಾದ್ರೆ ಹೊಟ್ಟೆ ಒಳಭಾಗದಲ್ಲಿ ಒಂದು ಸಣ್ಣ ಚೀಲದಂಥದ್ದು ಕಾಣ್ಬೇಕು. ಕಾಣ್ಲಿಲ್ಲ. ಗಂಡು ಇರ್ಬೇಕು, ಹಂಗಿದ್ರೆ ಇನ್ನು ಹೆಚ್ಚು ವರ್ಷ ಇಲ್ಲ ಅದು. ಕರ್ಲಿ ಹೆಣ್ಣಾದ್ರೆ ಇಪ್ಪತ್ತು ವರ್ಷ ಕೂಡ ಬದುಕ್ಬಹುದು, ಅಷ್ಟೊತ್ತಿಗೆ ಈ ಮನೇಲಿ ಬೂಸಾ ಲೆಕ್ಕ ಯಾರ ಹತ್ರ ಇರ್ತದೋ. ಅದರ ಪೊರೆ ನೋಡೋಣ ಅಂದ್ರೆ ಪ್ರತಿ ಸಲ ಅಗಿದು ಚಿಂದಿ ಮಾಡಿ ಬಿಸಾಕ್ತದೆ. ಮೊನ್ನೆ ಭಾನುವಾರ ಮತ್ತೆ ಬಿಲದ ಬಾಯಿ ಮುಚ್ಚಿಕೊಂಡಿದೆ. ಚಮಚ ಅಡುಗೆಮನೇಲೇ ಇದೆ.