ರೈಲಿನ ಬ್ಯಾಗಿನಾಗ ಹಿಡಿಯೋವಷ್ಟೇ ಫಾಯಿಲ್

ಹೋದ ವಾರ ಆಳಂದ ಕಡೆ ತಮ್ಮ ಒಬ್ಬ ಮೆಸೇಜ್ ಮಾಡಿದ್ದ, ಈಗ ಬೆಂಗಳೂರಾಗ ಇರ್ತಾನ, "ಅಣ್ಣಾ ವಿಂಗ್ ಫಾಯಿಲಿಂಗ್ ಕಲ್ತೀನಿ, ಸ್ವಂತ ಸೆಟ್ ತಗೋಬೇಕಂತ ಮಾಡೀನಿ, ಮೂರ್ ಫಾಯಿಲ್ ತಗೊಳ್ಳೋದಾ ನಾಕ್ ತಗೊಳ್ಳೋದಾ" ಅಂತ. ಎರಡು ಅಂದೆ. "ಎರಡೇನಾ?" ಅಂದ. ಅದಕ್ಕ ಉತ್ತರ ಫೋನಿನಾಗ ಟೈಪ್ ಮಾಡಿದ್ರ ಬೆರಳು ಬಿದ್ದು ಹೋಗ್ತಾವಂತ ಇಲ್ಲಿ ಬರಿಲಕತ್ತೀನಿ.

ಗೊತ್ತಿಲ್ದವ್ರಿಗೆ ಒಂದ್ ಮಾತು. ವಿಂಗ್ ಫಾಯಿಲಿಂಗ್ ಅಂದ್ರ ಬೋರ್ಡಿನ ಮ್ಯಾಲೆ ನಿಂತು, ಕೈಯಾಗಿನ ವಿಂಗ್ ಗಾಳಿಗೆ ಎಳದಂಗ ನೀರಿನ ಮ್ಯಾಲೆ ಹೋಗೋ ಆಟ. ಫಾಯಿಲ್ ಅಂದ್ರ ಬೋರ್ಡಿನ ಕೆಳಗ ಒಂದು ಕಂಬ, ಅದಕ್ಕ ಮಾಸ್ಟ್ ಅಂತಾರ, ಅದರ ತುದಿಗೆ ಸಣ್ಣ ವಿಮಾನದಂಥಾದ್ದು, ಮುಂದ ದೊಡ್ಡ ರೆಕ್ಕಿ ಹಿಂದ ಸಣ್ಣ ರೆಕ್ಕಿ. ವೇಗ ಬಂತಂದ್ರ ಆ ರೆಕ್ಕಿ ನೀರೊಳಗೇ ಹಾರ್ತದ, ಬೋರ್ಡ್ ನೀರು ಬಿಟ್ಟು ಮ್ಯಾಲೆ ಏಳ್ತದ. ಹೊಸಾದೇನಲ್ಲ ಇದು, 1906ರಾಗೇ ಇಟಲಿಯ ಎನ್ರಿಕೊ ಫೋರ್ಲಾನಿನಿ ಅನ್ನಾಂವ ಮ್ಯಾಜೋರೆ ಸರೋವರದಾಗ ಇಂಥ ದೋಣಿ ಮಾಡಿ ತಾಸಿಗೆ 68 ಕಿಲೋಮೀಟರ್ ಓಡಿಸಿದ್ದ. ನಾವು ಕೈಯಾಗ ಗಾಳಿ ತುಂಬಿದ ವಿಂಗ್ ಹಿಡ್ಕೊಂಡು ಅದರ ಕಾಲು ಭಾಗದ ವೇಗಕ್ಕೇ "ಯಪ್ಪಾ!" ಅಂತೀವಿ.

ಕಲಬುರಗಿಯಾಂವ ಇದನ್ನ ಎಲ್ಲಿ ಕಲ್ತಿ ಅಂತ ಎಲ್ರೂ ಕೇಳ್ತಾರ. ಎರಡು ವರ್ಷ ತೂತ್ತುಕುಡಿಯಾಗ ಕೆಲಸ ಇತ್ತು, ಐತವಾರ ಮಾಡ್ಲಕ್ಕ ಬ್ಯಾರೆ ಕೆಲಸ ಇರ್ಲಿಲ್ಲ, ಕಲ್ತೆ. ಈಗ ವಾಪಸ್ ಊರಿಗೆ ಬಂದೀನಿ, ವರ್ಷಕ್ಕ ಎರಡ್ ಸಲ ರಾಮೇಶ್ವರಕ್ಕ ಹೋಗ್ತೀನಿ, ಜೂನ್ ಜುಲೈದಾಗ ನೈಋತ್ಯ ಗಾಳಿಗೊಮ್ಮೆ, ಜನವರಿದಾಗ ಈಶಾನ್ಯ ಗಾಳಿಗೊಮ್ಮೆ. ಬೋರ್ಡ್ ಮತ್ತ ಕೈ ವಿಂಗ್ ಅಲ್ಲೇ ದೋಸ್ತನ ಮನ್ಯಾಗ ಇಟ್ಟೀನಿ. ಫಾಯಿಲ್ ಮಾತ್ರ ಜೊತಿಗೇ ತರ್ತೀನಿ, ಯಾಕಂದ್ರ ರೊಕ್ಕೆಲ್ಲ ಹೋಗಿದ್ದು ಅದಕ್ಕೇ.

ಈಗ ನನ್ನ ತಪ್ಪು ಹೇಳ್ತೀನಿ. ಮೊದಲ ಸ್ವಂತ ಫಾಯಿಲ್ ತಗೊಂಡಾಗ ವಿಡಿಯೋ ನೋಡಿ ತಲಿ ಕೆಟ್ಟಿತ್ತು, 800 ಚದರ ಸೆಂಟಿಮೀಟರಿನ ಸಣ್ಣ ರೆಕ್ಕಿ ತಗೊಂಡೆ. ನೋಡ್ಲಕ್ಕ ಚಾಕು ಇದ್ದಂಗಿತ್ತು. ಅಂಗಡಿಯಾಂವ (ಯಾವ ಅಂಗಡಿ ಅಂತ ಕೇಳಬ್ಯಾಡ್ರಿ) ನನ್ನ ತೂಕ ಸೈತ ಕೇಳ್ಲಿಲ್ಲ. ನಾ 78 ಕಿಲೋ, ಬೋರ್ಡ್ ಒದ್ದಿ ಬಟ್ಟಿ ಜಾಕೆಟ್ ಎಲ್ಲಾ ಕೂಡಿ 90 ಹತ್ರ ಆಗ್ತದ. ಎಂಟು ದಿನದ ರಜಾದಾಗ ಐದು ದಿನ ಮುಂಜಾನಿ 12 ನಾಟ್ ಗಾಳಿ ಅಂದ್ರ ತಾಸಿಗೆ 22 ಕಿಲೋಮೀಟರ್, ಬಾಕಿಯವ್ರೆಲ್ಲ ತೇಲಿ ಹೋಗ್ಲಕತ್ತಾರ, ನಾ ಮಾತ್ರ ಮೊಣಕಾಲ ಮ್ಯಾಲೆ ಕುಂತು ಕೆರಿಯಾಗಿನ ಎಮ್ಮಿ ಇದ್ದಂಗ ಇದ್ದೆ.

ವಾಪಸ್ ಬರೋವಾಗ ರೈಲಿನಾಗ ಕುಂತು ಲೆಕ್ಕ ಹಾಕ್ದೆ, ಅದನ್ನ ತಗೊಳ್ಳೋಕಿನ ಮೊದಲೇ ಹಾಕಬೇಕಿತ್ತು. ರೆಕ್ಕಿ ಎತ್ತೋ ಬಲ ವೇಗದ ವರ್ಗದ ಪ್ರಕಾರ ಹೆಚ್ತದ, ವಿಸ್ತೀರ್ಣದ ಪ್ರಕಾರ ಸೀದಾ ಹೆಚ್ತದ. ಅಂದ್ರ ರೆಕ್ಕಿ ಅರ್ಧ ಮಾಡಿದ್ರ ವೇಗ ಡಬಲ್ ಬೇಕಾಗಂಗಿಲ್ಲ, 1.4 ಪಟ್ಟು ಬೇಕು. ನನ್ನ ತೂಕಕ್ಕ 1600ದ ರೆಕ್ಕಿ ಸುಮಾರು 13 ಕಿಲೋಮೀಟರ್ ವೇಗಕ್ಕ ಎತ್ತಿದ್ರ 800ದ್ದು 18-19 ಆಗೋತನಕ ಏಳಂಗಿಲ್ಲ. ಐದೇ ಕಿಲೋಮೀಟರ್ ಫರಕ್ ಅನಸ್ತದ, ಆದ್ರ ನೀರಿನ ಮ್ಯಾಲೆ ಬೋರ್ಡ್ ಎಳ್ಕೊಂಡು 13ರಿಂದ 18ಕ್ಕ ಹೋಗೋದು ಅಂದ್ರ ಎರೆ ಹೊಲದಾಗ ಮಳಿ ಬಿದ್ದ ಮ್ಯಾಲೆ ಸೈಕಲ್ ಹೊಡದಂಗ.

ಊರಿಗೆ ಬಂದು ಕಾಕಾಗ ಇದೇ ಹೇಳ್ಕೊಂಡು ಕುಂತಿದ್ದೆ, ಅವ್ರು ಎಲಿ ಹಾಕ್ಕೋತ ಅಂದ್ರು, "ಹೊಲದಾಗ ಏನದ ಅಂತ ನೋಡಿ ಕುಂಟಿ ಹೂಡ್ತಾರೋ, ಕುಂಟಿ ಚಂದ ಅದ ಅಂತ ಹೊಲ ಹುಡುಕ್ತಾರೋ?" ನಮ್ಮ ಮನ್ಯಾಗ ದೊಡ್ಡ ಕುಂಟಿ ಒಂದು, ತೊಗರಿ ಸಾಲಿನಾಗ ಆಡಿಸ್ಲಕ್ಕ ಎಡಿಕುಂಟಿ ಒಂದು, ಅಷ್ಟರಾಗೇ ಮೂರು ತಲಿ ಬದುಕ್ಯಾವ. ಮೂರನೇದು ಇದ್ದಿದ್ರ ಅಟ್ಟದ ಮ್ಯಾಲೆ ಜಂಗು ತಿಂತಿತ್ತು ಅಷ್ಟೇ.

ಹಂಗ ಈಗ ನಾ ಬಳಸೋದು 1600 ಒಂದು, 1050 ಒಂದು. ನಡು ನಡು 1300 ತಗೊಂಡ್ರ ಯಾವ್ದು ಹಾಕ್ಲಿ ಅಂತ ದಂಡಿ ಮ್ಯಾಲೆ ಅರ್ಧ ತಾಸು ಹಾಳು, ಗಾಳಿ ಅಷ್ಟೊತ್ತಿಗೆ ಬದಲಿ. ರೆಕ್ಕಿ ರೆಕ್ಕಿಗೆ ಮೂರರಾಗ ಒಂದು ಪಾಲಷ್ಟರೆ ಫರಕ್ ಇರ್ಲಿ, ಇಲ್ಲಂದ್ರ ಬೋಲ್ಟ್ ಬಿಚ್ಚಿದ್ದಕ್ಕ ಅರ್ಥ ಇಲ್ಲ. ಮುಂಜಾನಿ ಗಾಳಿಗೆ, ಮತ್ತ ಕಲಿಲಕ್ಕ ಬಂದವ್ರಿಗೆ ಕೊಡ್ಲಕ್ಕ 1600. ಮಧ್ಯಾಹ್ನ 18 ನಾಟ್ ದಾಟ್ತು ಅಂದ್ರ ದೊಡ್ಡದು ತಡ್ಯಂಗಿಲ್ಲ, ಮ್ಯಾಲೆ ಮ್ಯಾಲೆ ಎತ್ತಿಬಿಡ್ತದ, ಮುಂದಿನ ಕಾಲು ಒತ್ತಿ ಒತ್ತಿ ತೊಡಿ ಉರಿತಾವ, ರೆಕ್ಕಿ ನೀರಿನ ಹೊರಗ ಬಂದು ಗಾಳಿ ಹೀರ್ಕೊಂಡ್ರ ಎತ್ತೋ ಬಲ ಹೋಗಿ ಧಪ್ ಅಂತ ಬೀಳ್ತೀರಿ, ಆವಾಗ 1050.

ವಿಸ್ತೀರ್ಣದಷ್ಟೇ ಉದ್ದನೂ ನೋಡ್ರಿ. ರೆಕ್ಕಿಯ ಉದ್ದದ ವರ್ಗಕ್ಕ ವಿಸ್ತೀರ್ಣದಿಂದ ಭಾಗಿಸಿದ್ರ ಆಸ್ಪೆಕ್ಟ್ ರೇಶಿಯೋ ಬರ್ತದ. ನನ್ನ 1600ದ್ದು ತುದಿಯಿಂದ ತುದಿಗೆ 100 ಸೆಂಟಿಮೀಟರ್, ಅಂದ್ರ 6.25. 1050ದ್ದು 92 ಸೆಂಟಿಮೀಟರ್, 8ರ ಹತ್ರ. ನಂಬರ್ ಹೆಚ್ಚಾದಂಗ ಎಣ್ಣಿ ಹಚ್ಚಿದಂಗ ಜಾರ್ತದ ಆದ್ರ ತಿರುಗ್ಲಕ್ಕ ಹಟ ಮಾಡ್ತದ, ನಿಧಾನ ಆದ್ರ ಹೇಳದೆ ಕೈ ಬಿಡ್ತದ. ಕಡಿಮಿದ್ದು ತಪ್ಪು ಮಾಫ್ ಮಾಡ್ತದ. ವರ್ಷಕ್ಕ ಹದಿನೈದ್ ದಿನ ನೀರಿಗೆ ಇಳಿಯೋ ನನ್ನಂಥಾವ್ರಿಗೆ ಮಾಫಿನೇ ಬೇಕು.

100 ಸೆಂಟಿಮೀಟರೇ ಯಾಕಂದ್ರ ಅದನ್ನ ನಿರ್ಧಾರ ಮಾಡಿದ್ದು ನಾ ಅಲ್ಲ, ರೈಲ್ವೆ. ಸ್ಲೀಪರಿನಾಗ ಜೊತಿಗಿಟ್ಕೊಳ್ಳೋ ಪೆಟ್ಟಿಗಿ 100, 60, 25 ಸೆಂಟಿಮೀಟರ್ ಒಳಗಿರ್ಬೇಕು, ತೂಕ 40 ಕಿಲೋ ತನಕ ಪುಕ್ಕಟೆ. ಬ್ಯಾಗಿನಾಗ ರೆಕ್ಕಿ ಅಡ್ಡ ಮೂಲಿಗೆ ಇಟ್ಟು, 75ರ ಮಾಸ್ಟ್ ಪಕ್ಕಕ್ಕ, ನಡುವೆ ಅವ್ವ ಕಟ್ಟಿ ಕೊಟ್ಟ ಖಡಕ್ ರೊಟ್ಟಿ ಮತ್ತ ಶೇಂಗಾ ಹಿಂಡಿ. ಒಂದ್ ಸಲ ಟಿಟಿಇ ಮುಟ್ಟಿ ನೋಡಿ "ವೀಣಾ ಏನ್ರೀ?" ಅಂದ್ರು, ಹೂಂ ಅಂದೆ. ಚೆನ್ನೈಯಾಗ ಗಾಡಿ ಬದಲಿ ಮಾಡೋದೊಂದು ತ್ರಾಸ. 2022ರ ಡಿಸೆಂಬರಿನಿಂದ ಪಾಂಬನ್ ಸೇತುವೆ ಮ್ಯಾಲೆ ರೈಲು ನಿಂತಾಗಂತೂ ಮಂಡಪಂ ಸ್ಟೇಷನ್ನಿನಾಗ ಇಳ್ದು ಬಸ್ಸಿಗೆ ಇದನ್ನ ಹೊತ್ಕೊಂಡು ಓಡಿದ್ದೀನಿ, 2025ರ ಏಪ್ರಿಲಿನಾಗ ಹೊಸ ಸೇತುವೆ ಶುರು ಆದ್ಮ್ಯಾಲೆ ಜೀವ ಬಂತು.

ಮಾಸ್ಟ್ 75 ಸಾಕಾ ಅಂತ ಕೇಳ್ತಾರ, ಅಲೆಯಾಗ ಆಡೋರಿಗೆ 85 ಛಲೋ, ಆದ್ರ ನಾ ಹೋಗೋ ಕಡೆ ನೀರೇ ಟೊಂಕದ ತನಕ, ಉದ್ದ ತಗೊಂಡು ಮರಳಿಗೆ ಹೆಟ್ಟಿದ್ರ ನಾ ಬೋರ್ಡಿನ ಮುಂದ ಹಾರ್ತೀನಿ. ಕಡಲ ಹುಲ್ಲು ಬ್ಯಾರೆ, ರೆಕ್ಕಿಗೆ ಒಂದ್ ಎಳಿ ಸಿಕ್ಕಿದ್ರೂ ಬ್ರೇಕ್ ಹಿಡದಂಗ ಆಗ್ತದ.

ಇನ್ನ ರೊಕ್ಕ ಉಳಸೋ ಗುಟ್ಟು ಹಿಂದಿನ ಸಣ್ಣ ರೆಕ್ಕಿಯಾಗ ಅದ. ಮೂರನೇ ಮುಂದಿನ ರೆಕ್ಕಿ ಬದ್ಲಿ ನಾ ಇನ್ನೊಂದು ಹಿಂದಿನ ರೆಕ್ಕಿ ಮತ್ತ ಅರ್ಧ ಡಿಗ್ರಿ ಶಿಮ್ ಒಂದು ತಗೊಂಡೆ. ಶಿಮ್ ಅಂದ್ರ ಏನಿಲ್ಲ, ಚೂರು ಓರೆ ಇರೋ ಪ್ಲಾಸ್ಟಿಕ್ ಬಿಲ್ಲೆ. ಹಿಂದಿನದರ ಕೋನ ಹೆಚ್ಚಿಸಿದ್ರ ಅದೇ ಫಾಯಿಲ್ ಕಡಿಮಿ ವೇಗಕ್ಕೇ ಏಳ್ತದ ಗಟ್ಟಿ ನಿಲ್ತದ, ಕಡಿಮಿ ಮಾಡಿದ್ರ ಓಡ್ತದ. 1050ಕ್ಕ ಹಂಗ ಮಾಡಿ 14 ನಾಟಿನಾಗೂ ಎದ್ದೀನಿ. ಆದ್ರ ತಮ್ಮಾ, ಒಂದ್ ಕಂಪನಿ ರೆಕ್ಕಿ ಇನ್ನೊಂದ್ ಕಂಪನಿ ಮಾಸ್ಟಿಗೆ ಕೂಡೋದು ಭಾಳ ಕಡಿಮಿ, ಬೋರ್ಡಿಗೆ ಕೂಡ್ಸೋ ನಾಕು ಬೋಲ್ಟ್ ಮಾತ್ರ ಹೆಚ್ಚೂಕಡಿಮಿ ಎಲ್ರದ್ದೂ ಒಂದೇ. ಅದಕ್ಕ ಮೊದಲು ಸೆಕೆಂಡ್ ಹ್ಯಾಂಡಿನಾಗ ಬಿಡಿಭಾಗ ಸಿಗೋ ಕಂಪನಿ ನೋಡು, ಆಮ್ಯಾಲೆ ರೆಕ್ಕಿ ನೋಡು.

ಮತ್ತ ಬೋಲ್ಟಿಗೆ ಗ್ರೀಸ್. ಮೊದಲ ಸಲ ಬಿಚ್ಚದೇ ಹಂಗೇ ಊರಿಗೆ ತಂದಿದ್ದೆ, ಉಪ್ಪು ನೀರು, ಅಲ್ಯುಮಿನಿಯಂ ಮಾಸ್ಟ್, ಸ್ಟೀಲ್ ಬೋಲ್ಟ್, ಮೂರೂ ಕೂಡಿ ಬೆಸುಗಿ ಹಾಕಿದಂಗ ಆಗಿತ್ತು. ಸೂಪರ್ ಮಾರ್ಕೆಟ್ ಹಿಂದಿನ ಗ್ಯಾರೇಜಿನಾಗ ಎರಡು ರಾತ್ರಿ ಎಣ್ಣಿ ಬಿಟ್ಟು ಬಿಚ್ಚಿದ್ರು, ಮೂರು ಬಂದ್ವು, ಒಂದರ ತಲಿ ಮುರಿತು. ಈಗ ದಿನಾ ಸಂಜಿಗೆ ಬಿಚ್ಚಿ, ಸಿಹಿ ನೀರಿನಾಗ ತೊಳ್ದು, ಗ್ರೀಸ್ ಹಚ್ಚಿ ಇಡ್ತೀನಿ.

ಇಲ್ಲೇ ಬೆಣ್ಣೆತೊರಾ ಡ್ಯಾಮಿನ ನೀರಾಗ ಮಾಡ್ಬಹುದಲ್ಲ ಅಂತ ಕೇಳ್ತಾರ. ಬೇಸಿಗಿಯಾಗ ನೀರು ಇಳ್ದಾಗ ಹೋಗಿ ನೋಡಿ ಬಂದೀನಿ, ದಂಡಿಗುಂಟ ಜಾಲಿ ಕಂಟಿ, ಮೀನಿನ ಬಲಿ. ಆಷಾಢದ ಗಾಳಿ ಬಿಟ್ಟಾಗ ಮನಸ್ಸು ಎಳಿತದ ಖರೆ, ಆದ್ರ ಬಲಿಗೆ ರೆಕ್ಕಿ ಸಿಕ್ರ ಬಿಡಸ್ಲಕ್ಕ ಯಾರ ಬರ್ತಾರ.

ಆ 800ದ ರೆಕ್ಕಿ ಇನ್ನೂ ಮನ್ಯಾಗ ತೊಗರಿ ಚೀಲದ ಹಿಂದ ಅದ. ಎಡಗಡಿ ತುದಿಗೆ ಸಣ್ಣ ಪೆಟ್ಟು ಬಿದ್ದದ, ಎಪಾಕ್ಸಿ ಹಚ್ಚಿ ತಿಕ್ಕೀನಿ, ನೀರು ಒಳಗ ಹೋಗಂಗಿಲ್ಲ. ತಮ್ಮಾ, ನಿನ್ನ ತೂಕ 60ರ ಒಳಗ ಇದ್ರ ಹೇಳು, ಅರ್ಧ ರೇಟಿಗೆ ಕೊಡ್ತೀನಿ.